ಶಿವರಾತ್ರಿ ಹೊತ್ತಿಗೆ ಒಂದು ದಿನದ ಚಾರಣಕ್ಕೆ ಯಾವ ಬೆಟ್ಟ? ಬೆಂಗಳೂರಿನಿಂದ ಬರುವವರಿಗಾಗಿ ಹಾಸನ, ಚಿಕ್ಕಮಗಳೂರಿನವರ ಸಲಹೆ ಬೇಕು

ಹೇಮಾವತಿ ದಂಡೆ, ಹಾಸನ
ಫೆಬ್ರವರಿ 9, ರಾತ್ರಿ 8.40

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿರುವ ನನ್ನ ಅಕ್ಕ, ಭಾವ, ಅವರ ಮಗ, ಮಗಳು ಮತ್ತು ಮಗಳ ಇಬ್ಬರು ಗೆಳತಿಯರು ಈ ತಿಂಗಳ ಕೊನೆಯ ಶನಿವಾರ ಹಾಸನಕ್ಕೆ ಬರುತ್ತಿದ್ದಾರೆ. ಬೆಟ್ಟ ಹತ್ತಬೇಕೆಂಬುದು ಮಕ್ಕಳ ಆಸೆ. ಕುದುರೆಮುಖ, ಎತ್ತಿನಭುಜ, ಬಲ್ಲಾಳರಾಯನ ದುರ್ಗ, ಮುಳ್ಳಯ್ಯನಗಿರಿ ಎಂದು ನಾಲ್ಕು ಹೆಸರುಗಳನ್ನು ಅವರೇ ಬರೆದು ಕಳುಹಿಸಿದ್ದಾರೆ. ಜೊತೆಗೆ ಕಳುಹಿಸಿದ ಚಿತ್ರಗಳಲ್ಲೆಲ್ಲ ಹಸಿರು, ಮಂಜು, ತೊರೆಗಳಿವೆ. ಅವು ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ತೆಗೆದವೆಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುವ ಹೊತ್ತಿಗೆ ನಮ್ಮ ಗುಡ್ಡಗಳೆಲ್ಲ ಒಣಹುಲ್ಲಿನ ಬಣ್ಣಕ್ಕೆ ತಿರುಗಿರುತ್ತವೆ ಎಂದು ಅವರಿಗೆ ಹೇಗೆ ತಿಳಿಸಬೇಕೋ ತೋಚುತ್ತಿಲ್ಲ.

ಅಕ್ಕನಿಗೆ 57 ವರ್ಷ, ಮಂಡಿ ನೋವು ಸ್ವಲ್ಪ ಇದೆ, ಆದರೆ ನಿಧಾನವಾಗಿ ಮೆಟ್ಟಿಲು ಹತ್ತುತ್ತಾಳೆ. ಮಕ್ಕಳಿಗೆ ಎಷ್ಟು ದೂರವಾದರೂ ನಡೆಯುವ ಶಕ್ತಿಯಿದೆ. ಈ ಕಾಲಕ್ಕೆ ಹೊಂದುವ, ಒಂದೇ ದಿನದಲ್ಲಿ ಹೋಗಿ ಬರಬಹುದಾದ ಬೆಟ್ಟ ಯಾವುದು? ಹೋಗಿ ಬಂದವರು ದಯವಿಟ್ಟು ಹೇಳಿ.

ಚಾರಣಿಗ, ಬೆಂಗಳೂರು
ಫೆಬ್ರವರಿ 9, ರಾತ್ರಿ 9.05

ಕುದುರೆಮುಖಕ್ಕೇ ಹೋಗಿ ಮೇಡಂ. ಶೋಲಾ ಕಾಡು (ಬೆಟ್ಟಗಳ ಕಣಿವೆಯಲ್ಲಿ ಬೆಳೆಯುವ ಗಿಡ್ಡ ಮರಗಳ ಕಾಡು), ಹುಲ್ಲುಗಾವಲು, ತೊರೆ ಎಲ್ಲವೂ ಒಂದೇ ದಾರಿಯಲ್ಲಿ ಸಿಗುತ್ತವೆ. ಅದನ್ನು ಬಿಟ್ಟು ಬೇರೆ ಬೆಟ್ಟಕ್ಕೆ ಹೋದರೆ ಮಕ್ಕಳಿಗೆ ತೃಪ್ತಿಯಾಗುವುದಿಲ್ಲ.

ಚಂದ್ರದ್ರೋಣ, ಚಿಕ್ಕಮಗಳೂರು
ಫೆಬ್ರವರಿ 9, ರಾತ್ರಿ 9.30

ಚಾರಣಿಗರೇ, ಆ ದಾರಿ ಚೆಲುವಾದದ್ದು ಎಂಬುದರಲ್ಲಿ ಎರಡು ಮಾತಿಲ್ಲ, ಆದರೆ ತಾವು ಹೇಳುತ್ತಿರುವುದು ಮಳೆಗಾಲ ಮುಗಿದ ಮೇಲಿನ ಮಾತು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೆಜ್ಜೆ ಇಡುವಂತಿಲ್ಲ. ಕಾಳ್ಗಿಚ್ಚಿನ ಭಯವಿರುವ ವರ್ಷಗಳಲ್ಲಿ ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಚಾರಣವನ್ನೇ ನಿಲ್ಲಿಸಿಬಿಡುತ್ತಾರೆ. ಮೊದಲು ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ತಮಗೆ ಬೇಕಾದ ದಿನಾಂಕವನ್ನು ನೋಡಿ, ಅಲ್ಲಿ ಇಲ್ಲದಿದ್ದರೆ ಆ ದಾರಿ ಇಲ್ಲವೆಂದೇ ತಿಳಿಯಿರಿ. ಸ್ಥಳೀಯ ಜೀಪಿನವರನ್ನು ಹಿಡಿದು ‘ಹೇಗಾದರೂ’ ಹೋಗಿ ಬರುವ ಯೋಚನೆ ಮಾತ್ರ ಬೇಡ.

ಬೇಲೂರು ಮೇಷ್ಟ್ರು
ಫೆಬ್ರವರಿ 10, ಬೆಳಿಗ್ಗೆ 6.15

ಪ್ರಶ್ನೆ ಕೇಳಿದ ತಂಗಿಗೆ ನನ್ನ ಸಲಹೆ ಶ್ರವಣಬೆಳಗೊಳ. ಮೂವತ್ತು ವರ್ಷ ಶಾಲಾ ಮಕ್ಕಳನ್ನು ಕರೆದುಕೊಂಡು ಹೋದ ಅನುಭವದಿಂದ ಹೇಳುತ್ತಿದ್ದೇನೆ. ವಿಂಧ್ಯಗಿರಿ ಒಂದೇ ಬಂಡೆಯ ಬೆಟ್ಟ. ಸಮುದ್ರ ಮಟ್ಟದಿಂದ 3,347 ಅಡಿ ಎತ್ತರವಿದೆ, ಊರಿನ ನೆಲದಿಂದ ಲೆಕ್ಕ ಹಾಕಿದರೆ ಹತ್ತಬೇಕಾದದ್ದು ಸುಮಾರು 470 ಅಡಿ ಮಾತ್ರ. ಹುಲ್ಲಿಲ್ಲ, ಆದ್ದರಿಂದ ಬೆಂಕಿಯ ಭಯವಿಲ್ಲ, ಉಣುಗಿನ ಕಾಟವೂ ಇಲ್ಲ. ಬಂಡೆಯಲ್ಲೇ ಕೊರೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿಯಿದೆ, ಮಂಡಿ ನೋವಿನವರು ಎಲ್ಲಿ ಬೇಕಾದರೂ ಕುಳಿತು ಏಳಬಹುದು.

ಆದರೆ ಒಂದು ಮಾತನ್ನು ಮರೆಯಬಾರದು. ಪಾದರಕ್ಷೆಯನ್ನು ಕೆಳಗೇ ಬಿಟ್ಟು ಹತ್ತಬೇಕು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೊರಟರೆ ಆ ಬಂಡೆ ಅಂಗಾಲಿಗೆ ತಣ್ಣಗೆ ತಾಗುತ್ತದೆ, ರಾತ್ರಿಯ ಇಬ್ಬನಿ ಹಿಡಿದ ಕಡೆ ಸ್ವಲ್ಪ ತೇವವೂ ಇರುತ್ತದೆ. ಅದೇ ಬಂಡೆ ಹನ್ನೊಂದು ಗಂಟೆಯ ಮೇಲೆ ಕಾದ ಹೆಂಚು. ಒಂದು ಮಾರ್ಚ್‌ನಲ್ಲಿ ನಮ್ಮ ಬಸ್ಸು ದಾರಿಯಲ್ಲಿ ಕೆಟ್ಟು ತಡವಾಗಿ ತಲುಪಿದೆವು. ಏಳನೇ ತರಗತಿಯ ಮಕ್ಕಳು ಇಳಿಯುವಾಗ ಕಾಲನ್ನು ಎತ್ತೆತ್ತಿ ಇಡುತ್ತಿದ್ದರು, ಒಬ್ಬ ಹುಡುಗಿಯ ಅಂಗಾಲಿನಲ್ಲಿ ಬೊಬ್ಬೆಯೇ ಎದ್ದಿತು. ತಡಮಾಡಿ ಹತ್ತಿಸಿದ್ದು ನನ್ನದೇ ತಪ್ಪು, ಆ ಮಗುವಿನ ಮುಖ ಇಂದಿಗೂ ನೆನಪಿದೆ. ದಪ್ಪ ಹತ್ತಿಯ ಕಾಲುಚೀಲ ಒಯ್ಯಿರಿ, ಹತ್ತು ಗಂಟೆಯೊಳಗೆ ಇಳಿದುಬಿಡಿ.

ಚಾರಣಿಗ, ಬೆಂಗಳೂರು
ಫೆಬ್ರವರಿ 10, ಬೆಳಿಗ್ಗೆ 8.00

ಮೇಷ್ಟ್ರೇ, ತಮ್ಮ ಬಗ್ಗೆ ಗೌರವವಿದೆ. ಆದರೆ ಅದು ಯಾತ್ರೆ, ಚಾರಣವಲ್ಲ. ಮೆಟ್ಟಿಲು ಹತ್ತುವುದನ್ನು ಚಾರಣ ಎಂದರೆ ಆ ಮಕ್ಕಳು ಒಪ್ಪುವುದಿಲ್ಲ.

ಬೇಲೂರು ಮೇಷ್ಟ್ರು
ಫೆಬ್ರವರಿ 10, ಬೆಳಿಗ್ಗೆ 8.40

ಒಪ್ಪದಿದ್ದರೆ ಎದುರಿಗಿರುವ ಚಂದ್ರಗಿರಿಯನ್ನೂ ಹತ್ತಿಸಿ. ವಿಂಧ್ಯಗಿರಿಯ ಗೊಮ್ಮಟನನ್ನು ಕೆತ್ತಿಸಿದ್ದು 981ರ ಸುಮಾರಿಗೆ. ಚಂದ್ರಗಿರಿಯ ಬಂಡೆಯ ಮೇಲಿನ ಕೆಲವು ಶಾಸನಗಳು ಅದಕ್ಕಿಂತ ಮುನ್ನೂರು ವರ್ಷಕ್ಕೂ ಹಿಂದಿನವು. ಊಟ ಬಿಟ್ಟು ದೇಹ ತ್ಯಜಿಸಿದ ಮುನಿಗಳ ಹೆಸರನ್ನು ನಾವು ನಡೆಯುವ ಬಂಡೆಯಲ್ಲೇ ಕೊರೆದಿದ್ದಾರೆ, ಈಗ ಕಾಲು ತಾಗದಂತೆ ಕಟಕಟೆ ಹಾಕಿ ಕಾಪಾಡಿದ್ದಾರೆ. ಬೆಳಗಿನ ಓರೆ ಬಿಸಿಲಿನಲ್ಲಿ ಮಾತ್ರ ಆ ಅಕ್ಷರಗಳು ನೆರಳು ಹಿಡಿದು ಎದ್ದು ಕಾಣುತ್ತವೆ, ನಡುಹಗಲಿನಲ್ಲಿ ಬರೀ ಗೀರುಗಳಂತೆ ಇರುತ್ತವೆ. ಎರಡೂ ಬೆಟ್ಟಗಳನ್ನು ಬರಿಗಾಲಲ್ಲಿ ಹತ್ತಿ ಇಳಿದವರಿಗೆ ಅದು ಚಾರಣವೋ ಅಲ್ಲವೋ ಎಂಬುದನ್ನು ಅವರ ಮೀನಖಂಡವೇ ಹೇಳುತ್ತದೆ.

ಸಕಲೇಶಪುರ ಏಲಕ್ಕಿ
ಫೆಬ್ರವರಿ 10, ಬೆಳಿಗ್ಗೆ 9.20

ಯುವಕರಿದ್ದರೆ ದೋಣಿಗಲ್ಲಿನಿಂದ ಎಡಕುಮೇರಿಯವರೆಗೆ ರೈಲು ಹಳಿಯ ಮೇಲಿನ ನಡಿಗೆ ಚೆನ್ನಾಗಿರುತ್ತದೆ. ಸುರಂಗಗಳಲ್ಲಿ ತಂಪು, ಬಿಸಿಲಿನ ತೊಂದರೆಯಿಲ್ಲ. ನಾವು ಕಾಲೇಜಿನಲ್ಲಿದ್ದಾಗ ಹೋಗಿದ್ದೆವು.

ನಿವೃತ್ತ ರೈಲ್ವೆ, ಅರಸೀಕೆರೆ
ಫೆಬ್ರವರಿ 10, ಬೆಳಿಗ್ಗೆ 9.50

ಏಲಕ್ಕಿಯವರೇ, ದಯವಿಟ್ಟು ಆ ಸಲಹೆಯನ್ನು ಹಿಂತೆಗೆದುಕೊಳ್ಳಿ. ತಾವು ನಡೆದದ್ದು ಮೀಟರ್ ಗೇಜ್ ಎಂಬ ಹಳೆಯ ಕಿರಿದಾದ ಹಳಿಯನ್ನು ಬದಲಿಸಲು ಆ ದಾರಿಯಲ್ಲಿ ರೈಲು ನಿಲ್ಲಿಸಿದ್ದ ವರ್ಷಗಳಲ್ಲಿ ಇರಬಹುದು. ಈಗ ಬೆಂಗಳೂರು–ಮಂಗಳೂರು ರೈಲುಗಳೂ ಸರಕು ಗಾಡಿಗಳೂ ಹಗಲು ರಾತ್ರಿ ಓಡಾಡುತ್ತವೆ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಸುಮಾರು 55 ಕಿ.ಮೀ. ಘಟ್ಟದ ದಾರಿಯಲ್ಲಿ 57 ಸುರಂಗಗಳಿವೆ. ತಿರುವಿನ ಆಚೆ ಬರುವ ಗಾಡಿಯ ಸದ್ದು ಸುರಂಗದೊಳಗೆ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಗೊತ್ತಾಗುವುದಿಲ್ಲ, ಸೇತುವೆಯ ಮೇಲೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧವೂ ಹೌದು. ಗ್ಯಾಂಗ್‌ಮನ್ ಆಗಿ ಆ ಹಳಿಗಳ ಮೇಲೆ ನಡೆದವನು ನಾನು. ನಡೆಯುವುದು ನಮಗೆ ಕೆಲಸವಾಗಿತ್ತು, ಯಾವ ಗಾಡಿ ಎಷ್ಟು ಹೊತ್ತಿಗೆ ಎಂಬುದು ನಮ್ಮ ಕೈಯಲ್ಲಿರುತ್ತಿತ್ತು, ಹಾಗಿದ್ದೂ ಎದೆ ಹೊಡೆದುಕೊಳ್ಳುತ್ತಿತ್ತು. ಆ ಘಟ್ಟವನ್ನು ನೋಡಬೇಕೆಂದರೆ ಹಗಲಿನ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತು ನೋಡಲಿ.

ಸಕಲೇಶಪುರ ಏಲಕ್ಕಿ
ಫೆಬ್ರವರಿ 10, ಬೆಳಿಗ್ಗೆ 10.10

ತಾವು ಹೇಳಿದ್ದು ಸರಿ, ನಾವು ಹೋದದ್ದು ರೈಲು ನಿಂತಿದ್ದಾಗಲೇ. ಸಲಹೆಯನ್ನು ಹಿಂತೆಗೆದುಕೊಂಡಿದ್ದೇನೆ. ಅದರ ಬದಲು ದೋಣಿಗಲ್ಲಿನ ಮಂಜರಾಬಾದ್ ಕೋಟೆ ಆಗಬಹುದು. ಟಿಪ್ಪು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆ ಅದು. ಹೆದ್ದಾರಿಯಿಂದ ಸುಮಾರು 250 ಮೆಟ್ಟಿಲು ಹತ್ತಿದರೆ ಸಾಕು. ಮೇಲೆ ಬಿಸಿಲಿದ್ದರೂ ಒಳಗಿನ ಮದ್ದಿನ ಮನೆಗಳು ನಡುಹಗಲಿನಲ್ಲೂ ತಣ್ಣಗಿರುತ್ತವೆ. ಅರ್ಧ ದಿನಕ್ಕೆ ಧಾರಾಳವಾಯಿತು.

ಮೂಡಿಗೆರೆ ತೋಟದವನು
ಫೆಬ್ರವರಿ 10, ರಾತ್ರಿ 8.30

ಎತ್ತಿನಭುಜ ಮತ್ತು ಬಲ್ಲಾಳರಾಯನ ದುರ್ಗದ ಹೆಸರು ನೋಡಿ ಬರೆಯುತ್ತಿದ್ದೇನೆ. ಎರಡೂ ನಮ್ಮ ತಾಲ್ಲೂಕಿನವು, ಎರಡನ್ನೂ ನಾನು ಬಾಲ್ಯದಿಂದ ಬಲ್ಲೆ. ಎತ್ತಿನಭುಜಕ್ಕೆ ಭೈರಾಪುರದ ನಾಣ್ಯ ಭೈರವೇಶ್ವರ ದೇವಸ್ಥಾನದ ಕಡೆಯಿಂದ ಹೊರಟರೆ ಮೊದಲು ಕಾಡು, ಆಮೇಲೆ ಬೋಳು ಹುಲ್ಲು, ಕೊನೆಗೆ ಎತ್ತಿನ ಹಿಣಿಲಿನಂತೆ ಎದ್ದ ಕಡಿದಾದ ಗುಡ್ಡ. ಮಳೆ ನಿಂತ ಮೇಲೆ ಅಕ್ಟೋಬರ್‌ನಿಂದ ಜನವರಿಯ ನಡುವೆ ಯಾರು ಕೇಳಿದರೂ ಹೋಗಿ ಎನ್ನುತ್ತೇನೆ. ಈಗ ಬೇಡ ಎನ್ನುತ್ತೇನೆ, ಏಕೆಂದು ಸ್ವಲ್ಪ ವಿವರವಾಗಿ ಹೇಳಬೇಕು.

ಫೆಬ್ರವರಿ ಮುಗಿಯುವ ಹೊತ್ತಿಗೆ ಆ ಹುಲ್ಲು ಸೊಂಟದ ಮಟ್ಟದವರೆಗೆ ಬೆಳೆದು ಪೂರ್ತಿ ಒಣಗಿರುತ್ತದೆ. ಕೈಯಲ್ಲಿ ಹಿಡಿದು ಮುರಿದರೆ ಕಡ್ಡಿಯಂತೆ ಲಟ್ಟೆನ್ನುತ್ತದೆ. ಮೂರು ವರ್ಷದ ಹಿಂದೆ ಮಾರ್ಚ್‌ನ ಒಂದು ಮಧ್ಯಾಹ್ನ ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಹೊಗೆ ಕಾಣಿಸಿತು. ಅಡುಗೆ ಮಾಡಿಕೊಳ್ಳಲು ಯಾರೋ ಮೂರು ಕಲ್ಲು ಹೂಡಿದ್ದರು ಎಂದು ಆಮೇಲೆ ಗೊತ್ತಾಯಿತು. ಬೆಂಕಿ ಇಳಿಜಾರಿನಲ್ಲಿ ಇಳಿಯುವುದು ನಿಧಾನ, ಏರುವುದು ಮಾತ್ರ ಓಟ, ಏಕೆಂದರೆ ಕೆಳಗಿನ ಜ್ವಾಲೆಯ ಶಾಖವೇ ಮೇಲಿನ ಹುಲ್ಲನ್ನು ಒಣಗಿಸಿ ಸಿದ್ಧ ಮಾಡಿರುತ್ತದೆ. ಇಲಾಖೆಯ ಕಾವಲುಗಾರರು ಐದು ಜನ, ನಾವು ತೋಟದವರು ಮತ್ತು ಆಳುಗಳು ಹದಿನಾಲ್ಕು ಜನ, ಹಸಿ ಸೊಪ್ಪಿನ ಕೊಂಬೆಗಳನ್ನು ಕಡಿದುಕೊಂಡು ಬಡಿಯುತ್ತಾ ಹೋದೆವು. ಹತ್ತಿರದಿಂದ ಆ ಬೆಂಕಿಯ ಸದ್ದು ಜೋರು ಮಳೆ ಬಂದಂತೆಯೇ ಕೇಳುತ್ತದೆ. ಬಡಿದು ಆರಿಸಿದ ಕಡೆ ಸಗಣಿಯ ಬೆರಣಿಯೊಂದು ಒಳಗೊಳಗೇ ಉರಿಯುತ್ತಿದ್ದು, ಗಾಳಿ ಬೀಸಿದಾಗ ಉರುಳಿ ಮತ್ತೆ ಹತ್ತಿಕೊಂಡಿತು. ಆರಿಸಿ ಮನೆಗೆ ಬಂದಾಗ ರಾತ್ರಿ ಹನ್ನೊಂದು. ಮರುದಿನ ನೋಡಿದರೆ ಶೋಲಾದ ಅಂಚಿನ ಸಣ್ಣ ಮರಗಳ ಚಿಗುರೆಲ್ಲ ಸುಟ್ಟು ಜೋತುಬಿದ್ದಿತ್ತು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಸದ್ದೇ ಇರಲಿಲ್ಲ.

ಆ ಬಲ್ಲಾಳರಾಯನ ದುರ್ಗದ ಮಗ್ಗುಲಲ್ಲಿ ಹುಟ್ಟುವುದೇ ಹೇಮಾವತಿ. ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯವರೆಗೆ ಸಣ್ಣಗೆ ಬಿಡುವುದು ಈ ಹುಲ್ಲು ಮತ್ತು ಶೋಲಾ. ಗೊರೂರು ಅಣೆಕಟ್ಟಿನ ನೀರನ್ನು ನಂಬಿರುವ ಹಾಸನದವರಿಗೆ ಇದು ದೂರದ ಕಾಡಿನ ಸುದ್ದಿಯಲ್ಲ. ಚಾರಣಿಗರೆಲ್ಲ ಬೆಂಕಿ ಹಾಕುವವರೆಂದು ನಾನು ಹೇಳುತ್ತಿಲ್ಲ, ಹೆಚ್ಚಿನವರು ಒಳ್ಳೆಯವರೇ. ಆದರೆ ಬೆಂಕಿ ಬಿದ್ದ ದಿನ ಆ ಹುಲ್ಲಿನ ನಡುವೆ ನೂರು ಜನ ಇದ್ದರೆ, ನಾವು ಬೆಂಕಿ ಆರಿಸಬೇಕೋ ಅವರನ್ನು ಕೆಳಗಿಳಿಸಬೇಕೋ?

ಚಾರಣಿಗ, ಬೆಂಗಳೂರು
ಫೆಬ್ರವರಿ 10, ರಾತ್ರಿ 9.10

ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಹತ್ತು ವರ್ಷದಿಂದ ಬೆಟ್ಟ ಹತ್ತುತ್ತಿದ್ದೇನೆ, ‘ಬಂದ್’ ಎಂಬ ಫಲಕ ನೋಡಿದಾಗಲೆಲ್ಲ ಇಲಾಖೆಯನ್ನು ಬೈದುಕೊಂಡಿದ್ದೇನೆಯೇ ಹೊರತು ಆ ಕಡೆಯಿಂದ ಯೋಚಿಸಿರಲಿಲ್ಲ. ಕುದುರೆಮುಖದ ಸಲಹೆಯನ್ನು ಬಿಡುತ್ತೇನೆ. ಆದರೆ ಒಂದು ಸಂದೇಹವಿದೆ. ಕಾವಲಿಗೆ ಜನರಿಲ್ಲವೆಂದು ಎಲ್ಲ ದಾರಿಗಳನ್ನೂ ನಾಲ್ಕು ತಿಂಗಳು ಮುಚ್ಚಿದರೆ, ಬೆಟ್ಟವನ್ನು ಪ್ರೀತಿಸುವವರು ಹುಟ್ಟುವುದು ಹೇಗೆ?

ಮೂಡಿಗೆರೆ ತೋಟದವನು
ಫೆಬ್ರವರಿ 10, ರಾತ್ರಿ 9.35

ಎಲ್ಲವನ್ನೂ ಮುಚ್ಚಬೇಕೆಂದು ನಾನೂ ಹೇಳುವುದಿಲ್ಲ. ಬಂಡೆಯ ಬೆಟ್ಟಗಳು, ಮೆಟ್ಟಿಲಿನ ಬೆಟ್ಟಗಳು, ಡಾಂಬರು ರಸ್ತೆ ಹತ್ತಿರವಿರುವ ಗಿರಿಗಳು ಈ ಕಾಲದ್ದು. ಹುಲ್ಲಿನ ಬೆಟ್ಟಗಳು ಮಳೆ ನಿಂತ ಮೇಲಿನದ್ದು. ಕಾಲಕ್ಕೆ ತಕ್ಕ ಬೆಟ್ಟ ಆರಿಸಿದರೆ ಜಗಳವೇ ಇಲ್ಲ.

ಕೊಪ್ಪದ ಶುಶ್ರೂಷಕಿ
ಫೆಬ್ರವರಿ 11, ಮಧ್ಯಾಹ್ನ 2.15

ಉಣುಗಿನ ಮಾತು ಮೇಲೆ ಒಂದು ಸಾಲಿನಲ್ಲಿ ಬಂದು ಹೋಯಿತು, ಅದನ್ನು ಅಷ್ಟಕ್ಕೇ ಬಿಡುವಂತಿಲ್ಲ. ಉಣುಗು ಕಚ್ಚುವುದರಿಂದ ಬರುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಂದಿಗೂ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ನಮಗೆ ಇದೇ ಚಿಂತೆ. ಚಾರಣಕ್ಕೆ ಹಿತವೆನಿಸುವ ಒಣ ಹವೆಯ ತಿಂಗಳುಗಳೇ ಉಣುಗಿನ ಮರಿಗಳು ಚುರುಕಾಗಿರುವ ತಿಂಗಳುಗಳು. ಮಳೆಗಾಲದ ಇಂಬಳ ಕಣ್ಣಿಗೆ ಕಾಣುತ್ತದೆ, ರಕ್ತ ಸುರಿಸಿದರೂ ಕಾಯಿಲೆ ತರುವುದಿಲ್ಲ. ಉಣುಗಿನ ಮರಿ ಎಳ್ಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ಸೋಂಕಿದ ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಚಳಿಜ್ವರ, ಹಣೆಯ ಭಾಗದಲ್ಲಿ ತಲೆನೋವು, ಏಳಲಾಗದಷ್ಟು ಮೈಕೈ ನೋವು ಬರುತ್ತವೆ, ಕಣ್ಣು ಕೆಂಪಗಾಗುತ್ತದೆ. ಈ ವೈರಸ್ಸಿಗೆಂದೇ ಇರುವ ಔಷಧಿ ಇಲ್ಲ, ಬೇಗ ಆಸ್ಪತ್ರೆಗೆ ಸೇರಿಸಿ ನೋಡಿಕೊಳ್ಳುವುದೇ ಚಿಕಿತ್ಸೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆ ಹೆದರಿಕೆ ಬೇಡ.

ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಬಂದ ಯುವಕನೊಬ್ಬ ಕಾಡಿನಲ್ಲಿ ತಿರುಗಾಡಿ ಹಿಂದಿರುಗಿದ ಮೇಲೆ ಜ್ವರ ಬಂದು, ಅಲ್ಲಿನ ಆಸ್ಪತ್ರೆಯೊಂದರಲ್ಲಿ ನಾಲ್ಕು ದಿನ ಸಾಮಾನ್ಯ ವೈರಲ್ ಜ್ವರವೆಂದೇ ಔಷಧಿ ತೆಗೆದುಕೊಂಡಿದ್ದ. ಮಲೆನಾಡಿಗೆ ಹೋಗಿದ್ದೆನೆಂದು ಅವನು ಹೇಳಿರಲಿಲ್ಲ, ವೈದ್ಯರು ಕೇಳಿರಲಿಲ್ಲ. ಗುಣವಾದ, ಆದರೆ ತಿಂಗಳುಗಟ್ಟಲೆ ನಿತ್ರಾಣವಾಗಿದ್ದ. ಆದ್ದರಿಂದ ಕಾಡಿನಿಂದ ಹೋದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ತಿಳಿ ಬಣ್ಣದ ಉದ್ದ ಪ್ಯಾಂಟು ಹಾಕಿ ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಕೊಡುವ, ಉಣುಗನ್ನು ದೂರವಿಡುವ ಡೇಪಾ ಎಣ್ಣೆಯನ್ನು ತೆರೆದ ಚರ್ಮಕ್ಕೆ ಹಚ್ಚಿಕೊಳ್ಳಿ. ಒಣ ಎಲೆಯ ಮೇಲೆ ಕುಳಿತುಕೊಳ್ಳಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ.

ಹೇಮಾವತಿ ದಂಡೆ, ಹಾಸನ
ಫೆಬ್ರವರಿ 11, ಸಂಜೆ 6.50

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು ಅಕ್ಕ. ಓದಿ ಸ್ವಲ್ಪ ಭಯವೂ ಆಯಿತು. ಹಾಗಾದರೆ ಮುಳ್ಳಯ್ಯನಗಿರಿಯೂ ಬೇಡವೇ?

ಚಂದ್ರದ್ರೋಣ, ಚಿಕ್ಕಮಗಳೂರು
ಫೆಬ್ರವರಿ 11, ರಾತ್ರಿ 8.20

ಮುಳ್ಳಯ್ಯನಗಿರಿ ಬೇಡವೆನ್ನುವಂತಿಲ್ಲ, ಆದರೆ ಹೊತ್ತು ನೋಡಿ ಹೋಗಬೇಕು. 1,930 ಮೀಟರ್ ಎತ್ತರ, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಹಾಸನಕ್ಕಿಂತ ಹೆಚ್ಚುಕಡಿಮೆ ಒಂದು ಸಾವಿರ ಮೀಟರ್ ಮೇಲಿರುವುದರಿಂದ ಗಾಳಿ ಆರು ಡಿಗ್ರಿಯಷ್ಟು ತಂಪಾಗಿರುತ್ತದೆ. ಆ ತಂಪಿನಿಂದಲೇ ಜನ ಮೋಸಹೋಗುತ್ತಾರೆ. ಗಾಳಿ ತಣ್ಣಗೆ ಬೀಸುವಾಗ ಬಿಸಿಲು ಸುಡುವುದು ತಿಳಿಯುವುದಿಲ್ಲ, ಸಂಜೆ ಕತ್ತು ಮತ್ತು ಕಿವಿ ಉರಿಯತೊಡಗಿದಾಗ ತಿಳಿಯುತ್ತದೆ. ದಾರಿಯುದ್ದಕ್ಕೂ ನೆರಳಿಲ್ಲ, ನೀರಿನ ಸೆಲೆಗಳು ಈಗ ಬತ್ತಿರುತ್ತವೆ, ಆದ್ದರಿಂದ ಒಬ್ಬೊಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು ಬೇಕು.

ಮಕ್ಕಳು ಸರ್ಪದಾರಿಯಿಂದ ನಡೆದು ಹತ್ತಲಿ, ನಾಲ್ಕು ಕಿ.ಮೀ. ಒಳಗಿನ ದಾರಿ, ಏರು ಚೆನ್ನಾಗಿದೆ. ಅಕ್ಕ, ಭಾವ ಕಾರಿನಲ್ಲಿ ರಸ್ತೆಯ ಕೊನೆಗೆ ಬಂದು ಅಲ್ಲಿಂದ ಮೆಟ್ಟಿಲು ಹತ್ತಿ ಮುಳ್ಳಪ್ಪಸ್ವಾಮಿ ಗುಡಿಯ ಹತ್ತಿರ ಮಕ್ಕಳಿಗೆ ಕಾಯಲಿ. ಗಿರಿಗೆ ಹೋಗುವ ವಾಹನಗಳಿಗೆ ಈಗ ಆನ್‌ಲೈನ್‌ನಲ್ಲಿ ಮುಂಚಿತವಾಗಿ ನೋಂದಣಿ ಮಾಡಿಸಬೇಕು, ಬೆಳಗಿನ ಪಾಳಿಯನ್ನೇ ಹಿಡಿಯಿರಿ. ಸರ್ಪದಾರಿಯ ಸುತ್ತಲೂ ಹುಲ್ಲೇ ಇರುವುದರಿಂದ ಆ ದಿನ ಅದು ತೆರೆದಿದೆಯೇ ಎಂದು ಕೈಮರದ ಚೆಕ್‌ಪೋಸ್ಟಿನಲ್ಲಿ ಕೇಳಿ, ಇಲ್ಲವೆಂದರೆ ವಾದಿಸದೆ ರಸ್ತೆಯಲ್ಲೇ ಹೋಗಿ. ಒಂಬತ್ತು ಗಂಟೆಯ ಮೇಲೆ ಆ ಕಿರಿದಾದ ರಸ್ತೆಯಲ್ಲಿ ಎದುರುಬದುರು ಕಾರುಗಳು ಸಿಕ್ಕಿಕೊಂಡರೆ ನಿಮ್ಮ ದಿನ ಅಲ್ಲಿಯೇ ಮುಗಿಯುತ್ತದೆ.

ಗೃಹಿಣಿ, ಬೆಂಗಳೂರು
ಫೆಬ್ರವರಿ 11, ರಾತ್ರಿ 9.00

ನಾವೂ ಬರಬೇಕೆಂದಿದ್ದೆವು. ಆದರೆ ಈ ಕಾಲದಲ್ಲಿ ಎಲ್ಲವೂ ಒಣಗಿ ಹೋಗಿರುವುದಾದರೆ ಅಷ್ಟು ದೂರ ಬಂದು ನೋಡುವುದು ಏನನ್ನು? ಮಳೆಗಾಲಕ್ಕೇ ಬರುವುದು ಮೇಲಲ್ಲವೇ?

ಬೇಲೂರು ಮೇಷ್ಟ್ರು
ಫೆಬ್ರವರಿ 12, ಬೆಳಿಗ್ಗೆ 6.30

ಒಣಗಿರುವುದು ಹುಲ್ಲು ಮಾತ್ರ ತಾಯಿ. ಈಗ ಹಾಸನದಿಂದ ಬೇಲೂರಿಗೆ ಬರುವ ದಾರಿಯಲ್ಲಿ ಎಲೆಯಿಲ್ಲದ ಹಾಲವಾಣದ ಕೊಂಬೆಗಳು ಕೆಂಪಗೆ ಹೂ ಬಿಟ್ಟಿವೆ, ಮೈನಾಗಳ ಗಲಾಟೆಗೆ ಕೊನೆಯಿಲ್ಲ. ಅರಸೀಕೆರೆಯ ಕಡೆಗೆ ಹೋದರೆ ಮುತ್ತುಗ. ಕಾಡಿನ ಮರಗಳ ಹೊಸ ಚಿಗುರು ಮೊದಲು ತಾಮ್ರದ ಬಣ್ಣ, ಆಮೇಲೆ ಎಳೆ ಹಸಿರು, ಅದನ್ನು ಮಳೆಗಾಲದಲ್ಲಿ ಬಂದವರು ಎಂದೂ ನೋಡಿರುವುದಿಲ್ಲ.

ಮೂಡಿಗೆರೆ ತೋಟದವನು
ಫೆಬ್ರವರಿ 12, ಬೆಳಿಗ್ಗೆ 7.10

ಮೇಷ್ಟ್ರು ಕಾಫಿ ಹೂವನ್ನು ಬಿಟ್ಟುಬಿಟ್ಟರು. ಹೂಮಳೆ (ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆಯ ಮೊದಲ ಮಳೆ) ಬಿದ್ದ ಎಂಟು ಒಂಬತ್ತು ದಿನಕ್ಕೆ ತೋಟಕ್ಕೆ ತೋಟವೇ ಒಂದೇ ಬೆಳಗಿನಲ್ಲಿ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ವಾಸನೆ ರಸ್ತೆಯವರೆಗೂ ಬರುತ್ತದೆ. ಎರಡು ಮೂರು ದಿನದಲ್ಲಿ ಹೂ ಕಂದಿಹೋಗುತ್ತದೆ. ನೀರು ಹಾಯಿಸಿದ ರೊಬಸ್ಟಾ ತೋಟಗಳಲ್ಲಿ ಫೆಬ್ರವರಿ, ಮಾರ್ಚ್‌ನಲ್ಲೇ ಹೂವಾಗುತ್ತದೆ, ಅರೇಬಿಕಾ ಮಳೆಯನ್ನು ಕಾಯುತ್ತದೆ. ಆದರೆ ದಯವಿಟ್ಟು ರಸ್ತೆಯಿಂದಲೇ ನೋಡಿ, ತೋಟದೊಳಗೆ ನುಗ್ಗಬೇಡಿ. ಹೂ ಉದುರಿದರೆ ಕಾಯಿಲ್ಲ.

ಆಲೂರು ಭತ್ತ
ಫೆಬ್ರವರಿ 12, ಬೆಳಿಗ್ಗೆ 9.40

ತೋಟದೊಳಗೆ ನುಗ್ಗಬಾರದೆಂಬುದಕ್ಕೆ ಇನ್ನೊಂದು ಕಾರಣವನ್ನು ನಾನು ಸೇರಿಸುತ್ತೇನೆ, ಅದು ಆನೆ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಆನೆಗಳು ವರ್ಷವಿಡೀ ಇವೆ. ಹಗಲು ತೋಟದ ನೆರಳಿನಲ್ಲಿ ನಿಂತು ಸಂಜೆ ಹೊರಡುತ್ತವೆ. ಆನೆ ಎಲ್ಲಿದೆ ಎಂಬ ಸಂದೇಶ ನಮ್ಮ ಮೊಬೈಲ್‌ಗಳಿಗೆ ಬರುತ್ತದೆ, ಅದನ್ನು ನೋಡಿಕೊಂಡೇ ನಾವು ಮಕ್ಕಳನ್ನು ಶಾಲೆಗೆ ಕಳುಹಿಸುತ್ತೇವೆ, ಹೊರಗಿನಿಂದ ಬಂದವರಿಗೆ ಆ ಸುದ್ದಿ ತಲುಪುವುದಿಲ್ಲ. ಆದ್ದರಿಂದ ಸೂರ್ಯೋದಯ ನೋಡಬೇಕೆಂದು ಬೆಳಗಿನ ಜಾವ ನಾಲ್ಕಕ್ಕೆ ತೋಟದ ದಾರಿಯಲ್ಲಿ ನಡೆಯುವ ಹುಚ್ಚು ಬೇಡ. ಹಿಂದಿನ ದಿನವೇ ಸ್ಥಳೀಯರನ್ನು ವಿಚಾರಿಸಿ, ಸಂಜೆ ಐದರೊಳಗೆ ಹೆದ್ದಾರಿ ಸೇರಿರಿ.

ನಿವೃತ್ತ ರೈಲ್ವೆ, ಅರಸೀಕೆರೆ
ಫೆಬ್ರವರಿ 12, ಬೆಳಿಗ್ಗೆ 10.15

ನಮ್ಮ ಕಡೆಯ ಬಯಲುಸೀಮೆಯ ಗುಡ್ಡಗಳಲ್ಲಿ ಆನೆಯ ಬದಲು ಕರಡಿ ಇದೆ, ಅಲ್ಲೂ ಹೊತ್ತುಗೊತ್ತಿಲ್ಲದೆ ತಿರುಗಬಾರದು. ಜನ ಓಡಾಡುವ ಮೆಟ್ಟಿಲಿನ ದಾರಿಯಿರುವ ಮಾಲೇಕಲ್ಲು ತಿರುಪತಿ ಬೆಳಗಿನ ಹೊತ್ತಿಗೆ ಚೆನ್ನಾಗಿದೆ.

ಚಾರಣಿಗ, ಬೆಂಗಳೂರು
ಫೆಬ್ರವರಿ 12, ರಾತ್ರಿ 8.45

ಹೆಚ್ಚಿನವರು ಗಮನಿಸದ ಒಂದು ವಿಷಯ ಹೇಳುತ್ತೇನೆ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 245 ಕಿ.ಮೀ. ಒಂದೇ ದಿನದಲ್ಲಿ ಹೋಗಿ, ಹತ್ತಿ, ಹಿಂದಿರುಗುವವರು ರಾತ್ರಿ ಹನ್ನೆರಡಕ್ಕೆ ಹೊರಡುತ್ತಾರೆ, ನಿದ್ದೆಗೆಟ್ಟು ಹತ್ತುತ್ತಾರೆ, ಹಿಂದಿರುಗುವಾಗ ಚಾಲಕನ ಕಣ್ಣು ಮುಚ್ಚುತ್ತದೆ. ಹಾಗೆ ಬರುವಾಗ ಕುಣಿಗಲ್ ಹತ್ತಿರ ನಮ್ಮ ಗುಂಪಿನ ಕಾರು ರಸ್ತೆ ವಿಭಜಕಕ್ಕೆ ಏರಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಅಂದಿನಿಂದ ನಾನು ರಾತ್ರಿ ಪ್ರಯಾಣ ಬಿಟ್ಟಿದ್ದೇನೆ. ಶ್ರವಣಬೆಳಗೊಳ ಸುಮಾರು 145 ಕಿ.ಮೀ., ಅದೂ ಹಾಸನಕ್ಕೆ ಬರುವ ದಾರಿಯ ಮಗ್ಗುಲಲ್ಲೇ ಇದೆ. ಶನಿವಾರ ನಸುಕಿನಲ್ಲಿ ಹೊರಟು ಅದನ್ನು ಮುಗಿಸಿ, ರಾತ್ರಿ ತಂಗಿಯ ಮನೆಯಲ್ಲಿ ಮಲಗಿ, ಭಾನುವಾರ ಬೆಳಿಗ್ಗೆ ಗಿರಿಗೆ ಹೋಗಲಿ. ಮೇಷ್ಟ್ರ ಬೆಟ್ಟಕ್ಕೆ ನಾನೇ ಶಿಫಾರಸು ಮಾಡುತ್ತಿದ್ದೇನೆ.

ಬೇಲೂರು ಮೇಷ್ಟ್ರು
ಫೆಬ್ರವರಿ 12, ರಾತ್ರಿ 9.00

ಸಂತೋಷ. ಹಾಗಾದರೆ ಹೊರಡುವುದು ನಾಲ್ಕು ಗಂಟೆಗೆ, ಐದಕ್ಕಲ್ಲ.

ಹೇಮಾವತಿ ದಂಡೆ, ಹಾಸನ
ಮಾರ್ಚ್ 3, ರಾತ್ರಿ 8.10

ಹೋಗಿ ಬಂದೆವು. ಸಲಹೆ ಕೊಟ್ಟವರಿಗೆ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಶನಿವಾರ ಬೆಳಿಗ್ಗೆ ಏಳು ಕಾಲಿಗೆ ವಿಂಧ್ಯಗಿರಿಯ ಮೆಟ್ಟಿಲಿನ ಬಳಿ ಎಲ್ಲರೂ ಸೇರಿದೆವು. ಅಕ್ಕ ಐದು ಕಡೆ ಕುಳಿತು, ಮುಕ್ಕಾಲು ಗಂಟೆಯಲ್ಲಿ ಮೇಲೆ ಬಂದಳು. ಗೊಮ್ಮಟನ ಮುಖದ ಮೇಲೆ ಆಗ ತಾನೇ ಬಿಸಿಲು ಇಳಿಯುತ್ತಿತ್ತು, ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಚಂದ್ರಗಿರಿಯಲ್ಲಿ ಮಗಳ ಗೆಳತಿಯೊಬ್ಬಳು ಕಟಕಟೆಯ ಪಕ್ಕ ಬಗ್ಗಿ ಕುಳಿತು ಹಳೆಗನ್ನಡದ ಒಂದೊಂದೇ ಅಕ್ಷರವನ್ನು ಗುರುತಿಸಲು ಪ್ರಯತ್ನಿಸುತ್ತಿದ್ದಳು, ಅವಳನ್ನು ಎಬ್ಬಿಸಿ ಕರೆತರುವುದೇ ಕಷ್ಟವಾಯಿತು. ಅಷ್ಟರಲ್ಲಿ ಹತ್ತೂವರೆಯಾಗಿ ಬಂಡೆ ಬಿಸಿಯೇರಿತ್ತು, ಕಾಲುಚೀಲ ಇಲ್ಲದಿದ್ದರೆ ಮೇಷ್ಟ್ರು ಹೇಳಿದಂತೆಯೇ ಆಗುತ್ತಿತ್ತು.

ಭಾನುವಾರ ಸರ್ಪದಾರಿ ತೆರೆದಿತ್ತು. ಮಕ್ಕಳು ಒಂದೂವರೆ ಗಂಟೆಯಲ್ಲಿ ಹತ್ತಿದರು. ದಾರಿಯ ಒಂದು ಕಡೆ ಹಳೆಯ ಬೆಂಕಿಯ ಕಪ್ಪು ಗುರುತಿತ್ತಂತೆ, ನಡುವೆ ಇಲಾಖೆಯವರು ಹುಲ್ಲು ಸವರಿ ಮಾಡಿದ ಬೆಂಕಿ ರೇಖೆಯನ್ನೂ ನೋಡಿದರಂತೆ. ತೋಟದವರ ಬರಹವನ್ನು ನಾನು ಹಿಂದಿನ ರಾತ್ರಿ ಓದಿ ಹೇಳಿದ್ದರಿಂದ ಅದೇನೆಂದು ಅವರಿಗೆ ತಿಳಿಯಿತು. ಮನೆಗೆ ಬಂದು ಸ್ನಾನಕ್ಕೆ ಹೋದಾಗ ಮಗನ ಕಾಲುಚೀಲದ ಮೇಲೆ ಒಂದು ಉಣುಗು ಸಿಕ್ಕಿತು, ಕಚ್ಚಿರಲಿಲ್ಲ. ಶುಶ್ರೂಷಕಿಯವರು ಏನು ಹೇಳುತ್ತೀರಿ?

ಕೊಪ್ಪದ ಶುಶ್ರೂಷಕಿ
ಮಾರ್ಚ್ 3, ರಾತ್ರಿ 9.25

ಕಾಲುಚೀಲದ ಮೇಲೆ ಸಿಕ್ಕಿತೆಂದರೆ ಕಾಲುಚೀಲ ತನ್ನ ಕೆಲಸ ಮಾಡಿದೆ. ಆದರೂ ಹನ್ನೆರಡು ದಿನ ಎಲ್ಲರ ಮೈಬಿಸಿಯ ಮೇಲೆ ಗಮನವಿರಲಿ, ಜ್ವರ ಬಂದರೆ ಆ ದಿನವೇ ವೈದ್ಯರಿಗೆ ತೋರಿಸಿ, ಗಿರಿಗೆ ಹೋಗಿದ್ದನ್ನು ಹೇಳಿ. ಮುಂದೆ ಎಂದಾದರೂ ಕಚ್ಚಿಕೊಂಡದ್ದು ಕಂಡರೆ ಸೀಮೆಎಣ್ಣೆ ಹಾಕುವುದು, ಊದುಬತ್ತಿ ತಾಗಿಸುವುದು ಬೇಡ. ಚಿಮಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆದು ತೆಗೆದು, ಸೋಪಿನಿಂದ ತೊಳೆಯಿರಿ.

ಹೇಮಾವತಿ ದಂಡೆ, ಹಾಸನ
ಮಾರ್ಚ್ 15, ಸಂಜೆ 7.00

ಹನ್ನೆರಡು ದಿನ ಕಳೆದಿದೆ, ಯಾರಿಗೂ ಜ್ವರ ಬಂದಿಲ್ಲ. ಅಕ್ಕನಿಗೆ ಈಗ ಕಾಫಿ ಹೂ ನೋಡಬೇಕೆಂಬ ಆಸೆ ಹತ್ತಿದೆ. ತೋಟದವರೇ, ನಿಮ್ಮ ಕಡೆ ಮಳೆ ಬಿದ್ದರೆ ಒಂದು ಮಾತು ತಿಳಿಸುತ್ತೀರಾ?

ಮೂಡಿಗೆರೆ ತೋಟದವನು
ಮಾರ್ಚ್ 15, ರಾತ್ರಿ 8.15

ನಿನ್ನೆ ಸಂಜೆ ಒಂದು ಇಂಚು ಹತ್ತು ಸೆಂಟ್ಸ್ (ನೂರು ಸೆಂಟ್ಸ್ ಎಂದರೆ ಒಂದು ಇಂಚು) ಮಳೆ ಬಿತ್ತು. ಗುಡ್ಡದ ಹುಲ್ಲೂ ನೆನೆದಿದೆ, ನೆಮ್ಮದಿಯಾಗಿ ಮಲಗುತ್ತೇವೆ. 22 ಅಥವಾ 23ರ ಬೆಳಿಗ್ಗೆ ಬನ್ನಿ, ಅಕ್ಕನವರನ್ನು ತೋಟದೊಳಗೆ ನಾನೇ ಕರೆದುಕೊಂಡು ಹೋಗುತ್ತೇನೆ.